ಆಂಡಲೂಸಿಯಾದಲ್ಲಿ ಒಂದು ವಾರಾಂತ್ಯ: ಕೊರ್ಡೊಬಾ, ಗ್ರನಾಡಾಗಳನ್ನು ನೋಡುವ ಬಗೆ

ಜರ್ಮನಿ, ನೆದರ್ಲೆಂಡ್ಸ್, ಐರ್ಲೆಂಡ್, ಬ್ರಿಟನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಸ್ಪೇನ್‌ನ ದಕ್ಷಿಣದ ಆಂಡಲೂಸಿಯಾ ಪ್ರಾಂತ್ಯವು ವಿಮಾನದಲ್ಲಿ ಸುಮಾರು ಮೂರು ಗಂಟೆಗಳ ದೂರದಲ್ಲಿದೆ. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ಮನೆ ಸೇರಬಹುದಾದಷ್ಟು ಹತ್ತಿರವಿರುವುದರಿಂದಲೇ ಹಲವರು ಸೆವಿಲ್ಲಾ, ಕೊರ್ಡೊಬಾ, ಗ್ರನಾಡಾ ಮೂರನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸುವ ಯೋಜನೆ ಹಾಕುತ್ತಾರೆ. ಹಾಗೆ ಹೋದವರ ಹೆಚ್ಚಿನ ಸಮಯ ರೈಲು ನಿಲ್ದಾಣಗಳಲ್ಲಿಯೂ ಸರತಿ ಸಾಲುಗಳಲ್ಲಿಯೂ ಕಳೆದುಹೋಗುತ್ತದೆ. ಒಂದು ವಾರಾಂತ್ಯಕ್ಕೆ ಒಂದೇ ಊರನ್ನು ಆರಿಸಿಕೊಳ್ಳುವುದು, ಅದರ ಹಳೆಯ ಪೇಟೆಯೊಳಗೇ ಎರಡು ರಾತ್ರಿ ತಂಗುವುದು, ಮುಖ್ಯ ಸ್ಮಾರಕದ ಟಿಕೆಟನ್ನು ಮೊದಲು ಪಡೆದು ಉಳಿದ ಎಲ್ಲವನ್ನೂ ಅದರ ಸಮಯಕ್ಕೆ ಹೊಂದಿಸಿಕೊಳ್ಳುವುದು, ಈ ಮೂರು ನಿಯಮಗಳ ಮೇಲೆ ಮುಂದಿನ ಸಲಹೆಗಳೆಲ್ಲ ನಿಂತಿವೆ. ಪ್ರವಾಸಿ ಬಸ್ಸುಗಳು ಬೆಳಿಗ್ಗೆ ಹತ್ತರ ಹೊತ್ತಿಗೆ ಬಂದು ಸಂಜೆಗೆ ಮರಳುತ್ತವೆ. ಊರಿನೊಳಗೆ ತಂಗಿದವರಿಗೆ ಮಾತ್ರ ಅದಕ್ಕಿಂತ ಮುಂಚಿನ ಬೆಳಗೂ ಅದರ ನಂತರದ ರಾತ್ರಿಯೂ ದಕ್ಕುತ್ತವೆ.

ಹೊರಡುವ ಮುನ್ನ

ಭಾರತದ ಪಾಸ್‌ಪೋರ್ಟ್ ಹೊಂದಿದ್ದು ಷೆಂಗೆನ್ ವಲಯದ ಯಾವುದಾದರೂ ದೇಶದ ನಿವಾಸ ಪರವಾನಗಿ ಪಡೆದಿರುವವರಿಗೆ ಸ್ಪೇನ್‌ಗೆ ಪ್ರತ್ಯೇಕ ವೀಸಾ ಬೇಕಿಲ್ಲ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮೀರದಂತೆ ಇತರ ಷೆಂಗೆನ್ ದೇಶಗಳಲ್ಲಿ ಅವರು ಸಂಚರಿಸಬಹುದು. ಪಾಸ್‌ಪೋರ್ಟ್ ಮತ್ತು ನಿವಾಸ ಕಾರ್ಡು ಎರಡೂ ಜೊತೆಯಲ್ಲಿರಬೇಕು. ಐರ್ಲೆಂಡ್ ಮತ್ತು ಬ್ರಿಟನ್ ಈ ವಲಯದ ಹೊರಗಿರುವುದರಿಂದ ಅಲ್ಲಿನ ಭಾರತೀಯ ಪ್ರಜೆಗಳು ಮೊದಲೇ ಷೆಂಗೆನ್ ವೀಸಾ ಪಡೆಯಬೇಕು. ಊರಿನಿಂದ ಬಂದಿರುವ ತಂದೆತಾಯಿಯರನ್ನು ಕರೆದೊಯ್ಯುವವರು ಅವರ ವೀಸಾದಲ್ಲಿ ಎಷ್ಟು ಪ್ರವೇಶಗಳಿಗೆ ಅನುಮತಿಯಿದೆ ಎಂಬುದನ್ನು ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಹೋಟೆಲುಗಳು ಅತಿಥಿಗಳ ಗುರುತಿನ ವಿವರಗಳನ್ನು ದಾಖಲಿಸಿಕೊಳ್ಳುವುದು ಸ್ಪೇನ್‌ನಲ್ಲಿ ಕಾನೂನಿನ ಅಗತ್ಯವಾಗಿರುವುದರಿಂದ ಪಾಸ್‌ಪೋರ್ಟ್ ಕೇಳಿದರೆ ಆತಂಕಪಡಬೇಕಾಗಿಲ್ಲ.

ಕಾಲದ ಆಯ್ಕೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಕೊರ್ಡೊಬಾದ ಮಧ್ಯಾಹ್ನದ ತಾಪಮಾನ ಆಗಾಗ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಲಬುರಗಿಯ ಮೇ ತಿಂಗಳನ್ನು ಸಹಿಸಿದವರಿಗೂ ನೆರಳಿಲ್ಲದ ಆ ಕಲ್ಲುಹಾಸಿನ ಮೇಲೆ ನಡೆಯುವುದು ಸುಖವಲ್ಲ. ಮಾರ್ಚ್‌ನಿಂದ ಮೇ ವರೆಗೆ, ಅಕ್ಟೋಬರ್‌ನಿಂದ ನವೆಂಬರ್ ಮಧ್ಯದವರೆಗೆ ಹವೆ ಹಿತವಾಗಿರುತ್ತದೆ. ವಸಂತದ ಆರಂಭದಲ್ಲಿ ಬೀದಿಯುದ್ದಕ್ಕೂ ನೆಟ್ಟಿರುವ ಕಹಿ ಕಿತ್ತಳೆ ಮರಗಳು ಹೂ ಬಿಡುವುದರಿಂದ ಇಡೀ ಹಳೆಯ ಪೇಟೆ ಘಮಘಮಿಸುತ್ತದೆ. ಈಸ್ಟರ್‌ಗೆ ಮುಂಚಿನ ವಾರವಾದ ಸೆಮಾನಾ ಸಾಂತಾದಲ್ಲಿ ಎಲ್ಲ ಊರುಗಳಲ್ಲೂ ದೊಡ್ಡ ಧಾರ್ಮಿಕ ಮೆರವಣಿಗೆಗಳು ಹೊರಡುತ್ತವೆ. ಅವನ್ನೇ ನೋಡಲು ಹೋಗುವವರು ಬಹಳ ಮುಂಚೆ ಕೋಣೆ ಕಾದಿರಿಸಬೇಕು. ಸ್ಮಾರಕಗಳನ್ನು ನೋಡಲು ಬಯಸುವವರು ಆ ವಾರವನ್ನು ಬಿಟ್ಟುಬಿಡುವುದು ಮೇಲು, ಏಕೆಂದರೆ ಬೀದಿಗಳು ಮುಚ್ಚಿರುತ್ತವೆ, ಕೋಣೆಗಳ ದರ ಏರಿರುತ್ತದೆ.

ವಿಮಾನಕ್ಕೆ ಮಲಾಗಾ ಅಥವಾ ಸೆವಿಲ್ಲಾವನ್ನು ನೋಡಿ. ಮಲಾಗಾ ವಿಮಾನ ನಿಲ್ದಾಣದಿಂದ ಸ್ಥಳೀಯ ರೈಲು ಸುಮಾರು ಹತ್ತು ನಿಮಿಷಗಳಲ್ಲಿ ಮರಿಯಾ ಸಾಂಬ್ರಾನೊ ನಿಲ್ದಾಣಕ್ಕೆ ತಲುಪಿಸುತ್ತದೆ; ಅಲ್ಲಿಂದ ಕೊರ್ಡೊಬಾಗೆ ಅತಿವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ. ಸೆವಿಲ್ಲಾದ ಸಾಂತಾ ಹುಸ್ತಾ ನಿಲ್ದಾಣದಿಂದಾದರೆ ಮುಕ್ಕಾಲು ಗಂಟೆ ಸಾಕು. ಮ್ಯಾಡ್ರಿಡ್‌ನಿಂದ ಬರುವವರಿಗೆ ಒಂದೂಮುಕ್ಕಾಲು ಗಂಟೆಯ ಆಸುಪಾಸು. ಈ ರೈಲುಗಳ ಟಿಕೆಟ್ ದರ ವಿಮಾನದ ಟಿಕೆಟ್ಟಿನಂತೆ ದಿನ ಹತ್ತಿರವಾದಂತೆ ಏರುತ್ತದೆ, ಹತ್ತುವ ಮೊದಲು ಸಾಮಾನುಗಳನ್ನು ಯಂತ್ರದಲ್ಲಿ ತಪಾಸಣೆ ಮಾಡುತ್ತಾರೆ. ಆದ್ದರಿಂದ ಅರ್ಧ ಗಂಟೆ ಮುಂಚೆ ನಿಲ್ದಾಣದಲ್ಲಿರುವುದು ಒಳ್ಳೆಯದು. ಶುಕ್ರವಾರ ರಾತ್ರಿಯ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂಬುದನ್ನು ನೋಡಿಕೊಂಡ ಮೇಲೆಯೇ ವಿಮಾನವನ್ನು ಆರಿಸಿ. ತಡವಾಗಿ ಇಳಿಯುವ ಅಗ್ಗದ ವಿಮಾನದಿಂದ ಉಳಿದ ಹಣ ಮಲಾಗಾದಲ್ಲಿ ಒಂದು ರಾತ್ರಿಯ ಕೋಣೆಗೆ ಹೋದರೆ ಲಾಭವೇನೂ ಇಲ್ಲ.

ಕೊರ್ಡೊಬಾ: ಮೊದಲ ಸಲ ಹೋಗುವವರಿಗೆ

ಎರಡೇ ದಿನಗಳಿರುವವರು ಗ್ರನಾಡಾಕ್ಕಿಂತ ಮೊದಲು ಕೊರ್ಡೊಬಾಗೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಊರು ಬಹುಮಟ್ಟಿಗೆ ಸಮತಟ್ಟಾಗಿದೆ, ರೈಲು ನಿಲ್ದಾಣದಿಂದ ಹಳೆಯ ಪೇಟೆಗೆ ಅರ್ಧ ಗಂಟೆಯೊಳಗೆ ನಡೆದೇ ಹೋಗಬಹುದು, ಟಿಕೆಟ್ಟಿನ ಒತ್ತಡವೂ ಕಡಿಮೆ. ಎಲ್ಲಕ್ಕಿಂತ ಮಿಗಿಲಾಗಿ ಇಲ್ಲಿ ಮೆಸ್ಕಿಟಾ ಇದೆ.

ಇಲ್ಲಿ ಆಳುತ್ತಿದ್ದ ಮುಸ್ಲಿಂ ಅರಸ ಒಂದನೆಯ ಅಬ್ದುಲ್ ರಹಮಾನ್ 785ರ ಸುಮಾರಿಗೆ ಆರಂಭಿಸಿದ ಈ ಮಸೀದಿಯನ್ನು ಮುಂದಿನ ಇನ್ನೂರು ವರ್ಷಗಳಲ್ಲಿ ಅವನ ಉತ್ತರಾಧಿಕಾರಿಗಳು ಹಂತಹಂತವಾಗಿ ವಿಸ್ತರಿಸಿದರು. 1236ರಲ್ಲಿ ಕ್ರೈಸ್ತ ಅರಸ ಮೂರನೆಯ ಫರ್ಡಿನೆಂಡ್ ನಗರವನ್ನು ಗೆದ್ದಾಗ ಇದು ಚರ್ಚಾಯಿತು. 1523ರಲ್ಲಿ ಕಂಬಗಳ ನಟ್ಟನಡುವೆ ಎತ್ತರದ ಕತೀಡ್ರಲ್ ಒಂದನ್ನು ಎಬ್ಬಿಸಲು ತೊಡಗಿದರು. ಇಂದಿಗೂ ಇದು ಪೂಜೆ ನಡೆಯುವ ಕ್ಯಾಥೊಲಿಕ್ ಚರ್ಚು. ಒಳಗೆ 850ಕ್ಕೂ ಹೆಚ್ಚು ಕಂಬಗಳಿವೆ. ಮೊದಲ ಹಂತದ ಕಂಬಗಳಲ್ಲಿ ಬಹಳಷ್ಟನ್ನು ರೋಮನ್ ಮತ್ತು ವಿಸಿಗಾಥ್ ಕಟ್ಟಡಗಳಿಂದ ಕಿತ್ತು ತಂದು ನಿಲ್ಲಿಸಿದ್ದಾರೆ. ಹಾಗೆ ತಂದ ಕಂಬಗಳು ಗಿಡ್ಡವಾಗಿದ್ದುದರಿಂದ ವಿಶಾಲವಾದ ಸಭಾಂಗಣಕ್ಕೆ ತಕ್ಕ ಎತ್ತರದಲ್ಲಿ ಚಾವಣಿ ನಿಲ್ಲಿಸುವುದು ಸಾಧ್ಯವಿರಲಿಲ್ಲ. ಆ ತೊಡಕನ್ನು ಬಿಡಿಸಲು ಶಿಲ್ಪಿಗಳು ಒಂದು ಕಮಾನಿನ ಮೇಲೆ ಇನ್ನೊಂದನ್ನು ಏರಿಸಿದರು. ಕೆಂಪು ಇಟ್ಟಿಗೆ ಮತ್ತು ಬಿಳಿಗಲ್ಲು ಸರದಿಯಂತೆ ಬರುವ ಆ ಎರಡಂತಸ್ತಿನ ಕಮಾನುಗಳೇ ಈ ಕಟ್ಟಡದ ಗುರುತಾಗಿ ಉಳಿದಿವೆ.

ನೋಡುವ ಕ್ರಮವೊಂದನ್ನು ಹೇಳುತ್ತೇನೆ. ಒಳಗೆ ಕಾಲಿಟ್ಟೊಡನೆ ಮಧ್ಯದ ಕತೀಡ್ರಲ್ ಕಡೆಗೆ ಹೋಗಬೇಡಿ. ಪ್ರವೇಶದ ಬಳಿಯಿರುವುದು ಅತ್ಯಂತ ಹಳೆಯ ಭಾಗ; ಅಲ್ಲಿಂದ ದಕ್ಷಿಣದ ಗೋಡೆಯ ಕಡೆಗೆ ನೇರವಾಗಿ ನಡೆದರೆ ಕಟ್ಟಡ ಬೆಳೆದ ಕ್ರಮದಲ್ಲಿಯೇ ನೀವೂ ಸಾಗುತ್ತೀರಿ. ಕೊನೆಗೆ ಸಿಗುವುದು ಎರಡನೆಯ ಅಲ್ ಹಕಮ್ 960ರ ದಶಕದಲ್ಲಿ ಕಟ್ಟಿಸಿದ ಮಿಹ್ರಾಬ್, ಅಂದರೆ ಪ್ರಾರ್ಥನೆಯ ದಿಕ್ಕನ್ನು ಸೂಚಿಸುವ ಗೂಡು. ನಮ್ಮಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಆಳುತ್ತಿದ್ದ ವರ್ಷಗಳು ಅವು. ಅದರ ಸುತ್ತಲಿನ ಹೊಂಬಣ್ಣದ ಗಾಜಿನ ಚೂರುಗಳ ಚಿತ್ರಗೆಲಸಕ್ಕೆ ಬೇಕಾದ ಸಾಮಗ್ರಿ ಬೈಜಾಂಟಿಯಂ ಚಕ್ರವರ್ತಿಯಿಂದ ಬಂದಿತು. ಅಲ್ಲಿ ನಿಂತು ಎಡಕ್ಕೆ ನೋಡಿದರೆ ಸಭಾಂಗಣ ಬಹಳ ದೂರ ಚಾಚಿಕೊಂಡಿರುವುದೂ, ಮಿಹ್ರಾಬ್ ಕಟ್ಟಡದ ಮಧ್ಯದಲ್ಲಿಲ್ಲವೆಂಬುದೂ ತಿಳಿಯುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ಅಧಿಕಾರ ಹಿಡಿದಿದ್ದ ಮಂತ್ರಿ ಅಲ್ ಮನ್ಸೂರ್ ಪೂರ್ವ ದಿಕ್ಕಿಗೆ ಕಟ್ಟಡವನ್ನು ಹಿಗ್ಗಿಸಿದ್ದರ ಫಲ ಅದು. ಅವನ ಭಾಗದ ಕಮಾನುಗಳನ್ನು ಹತ್ತಿರದಿಂದ ಪರೀಕ್ಷಿಸಿದರೆ ಕೆಂಪು ಪಟ್ಟೆಗಳು ಹೆಚ್ಚಾಗಿ ಬಣ್ಣ ಬಳಿದ ಕಲ್ಲುಗಳೇ ಹೊರತು ಇಟ್ಟಿಗೆಯಲ್ಲ ಎಂಬುದು ಕಾಣುತ್ತದೆ. ಇಷ್ಟನ್ನು ನೋಡಿದ ಮೇಲೆ ಕತೀಡ್ರಲ್‌ಗೆ ಹೋದರೆ ಅದರ ಗಾತ್ರವೂ ಅದು ಸುತ್ತಣ ಕಂಬಗಳ ಕಾಡಿಗೆ ಮಾಡಿರುವ ಹಾನಿಯೂ ಒಟ್ಟಿಗೇ ಅರ್ಥವಾಗುತ್ತವೆ. ಆದರೆ ಈ ಕಟ್ಟಡ ಬಳಕೆಯಲ್ಲಿ ಉಳಿದಿರುವುದಕ್ಕೆ ಚರ್ಚು ಅದನ್ನು ತನ್ನದಾಗಿಸಿಕೊಂಡದ್ದೂ ಒಂದು ಕಾರಣವೆಂಬುದನ್ನು ಮರೆಯಬಾರದು.

ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8.30ರಿಂದ 9.30ರವರೆಗೆ ಗುಂಪಿನಲ್ಲಿ ಬಾರದ ಸಂದರ್ಶಕರಿಗೆ ಪ್ರವೇಶ ಉಚಿತವಾಗಿರುವುದು ಇಲ್ಲಿನ ವಾಡಿಕೆ. ಹಬ್ಬದ ದಿನಗಳಲ್ಲಿ ಇದು ಬದಲಾಗುವುದರಿಂದ ಅಧಿಕೃತ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ. ಹಣ ಉಳಿಯುವುದಕ್ಕಿಂತ ಆ ಹೊತ್ತಿನ ನಿಶ್ಶಬ್ದವೇ ದೊಡ್ಡ ಲಾಭ. ಕಟ್ಟಡ ಮನಸ್ಸಿಗೆ ಹಿಡಿದರೆ ಟಿಕೆಟ್ ಕೊಂಡು ಮಧ್ಯಾಹ್ನ ಮತ್ತೊಮ್ಮೆ ಬರಬಹುದು. ಭಾನುವಾರ ಬೆಳಿಗ್ಗೆ ಪೂಜೆಯ ಸಲುವಾಗಿ ಪ್ರವಾಸಿಗರ ಸಮಯ ಮೊಟಕಾಗುತ್ತದೆ. ಆದ್ದರಿಂದ ಮೆಸ್ಕಿಟಾಗೆ ಶನಿವಾರವನ್ನೇ ಮೀಸಲಿಡಿ. ಕಿತ್ತಳೆ ಮರಗಳ ಹೊರ ಅಂಗಳಕ್ಕೆ ಟಿಕೆಟ್ ಬೇಕಿಲ್ಲ. ಗಂಟೆ ಗೋಪುರದ ಒಳಗೆ ಹಳೆಯ ಮಿನಾರಿನ ಭಾಗ ಅಡಗಿದೆ. ಅದನ್ನು ಹತ್ತಲು ಪ್ರತ್ಯೇಕ ಟಿಕೆಟ್ಟಿದೆ, ಮೊಣಕಾಲು ನೋವಿರುವವರು ಬಿಟ್ಟರೂ ನಷ್ಟವಿಲ್ಲ.

ಶನಿವಾರದ ಉಳಿದ ಪೂರ್ವಾಹ್ನಕ್ಕೆ ಹಳೆಯ ಯಹೂದಿ ಕೇರಿ ಸಾಕು. 1315ರ ಪುಟ್ಟ ಸಿನಗಾಗ್‌ನ ಗೋಡೆಗಳಲ್ಲಿ ಹೀಬ್ರೂ ಅಕ್ಷರಗಳ ಗಾರೆ ಕೆತ್ತನೆ ಉಳಿದಿದೆ. ತತ್ತ್ವಶಾಸ್ತ್ರಜ್ಞ ಮೈಮೊನಿಡಿಸ್ ಹುಟ್ಟಿದ್ದು ಈ ಊರಿನಲ್ಲಿ, ಅರಿಸ್ಟಾಟಲ್‌ನ ಭಾಷ್ಯಕಾರ ಇಬ್ನ್ ರುಷ್ದ್ ಹುಟ್ಟಿದ್ದೂ ಇಲ್ಲಿಯೇ. ಹೂಕುಂಡಗಳ ನಡುವೆ ಗೋಪುರ ಕಾಣುವ ಕಯೆಹಾ ದೆ ಲಾಸ್ ಫ್ಲೋರೆಸ್ ಎಂಬ ಓಣಿಯಲ್ಲಿ ಫೋಟೊಗಾಗಿ ಜನ ಸಾಲು ನಿಂತಿರುತ್ತಾರೆ. ಬೆಳಗಿನ ಎಂಟಕ್ಕೆ ಮುಂಚೆ ಹೋಗಲಾಗದಿದ್ದರೆ ಅದನ್ನು ಬಿಟ್ಟುಬಿಡಿ.

ಅದಕ್ಕಿಂತ ಮನೆಗಳ ಒಳಾಂಗಣಗಳನ್ನು ನೋಡುವುದು ಸಾರ್ಥಕ. ಕೊರ್ಡೊಬಾದ ಹಳೆಯ ಮನೆಗಳ ಪಾತಿಯೋ ನಮ್ಮ ತೊಟ್ಟಿಮನೆಗಳ ತೊಟ್ಟಿಯಂತೆಯೇ ನಡುವೆ ಬಯಲಾಗಿದ್ದು ಗಾಳಿ ಬೆಳಕುಗಳನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಸುಣ್ಣ ಬಳಿದ ಗೋಡೆಯ ತುಂಬ ಹೂಕುಂಡಗಳನ್ನು ತೂಗುಹಾಕಿರುತ್ತಾರೆ. ಎತ್ತರದ ಕುಂಡಗಳಿಗೆ ಉದ್ದ ಕೋಲಿನ ತುದಿಗೆ ಕಟ್ಟಿದ ತಗಡಿನ ಡಬ್ಬಿಯಿಂದ ನೀರು ಹನಿಸುತ್ತಾರೆ. ಮೇ ತಿಂಗಳ ಮೊದಲ ಭಾಗದಲ್ಲಿ ಪಾತಿಯೋಗಳ ಸ್ಪರ್ಧೆ ನಡೆಯುತ್ತದೆ, ಆಗ ಮನೆಗಳ ಬಾಗಿಲು ಸಾರ್ವಜನಿಕರಿಗೆ ಉಚಿತವಾಗಿ ತೆರೆದಿರುತ್ತದೆ. 2012ರಲ್ಲಿ ಯುನೆಸ್ಕೊ ಈ ಹಬ್ಬವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದಿನಗಳಲ್ಲಿ ಸಾನ್ ಬಸೀಲಿಯೊ ಕೇರಿಯ ಸರತಿಗಳು ಉದ್ದವಾಗಿರುವುದರಿಂದ ವಾರದ ದಿನಗಳಲ್ಲಿ ರಜೆ ಸಿಗುವವರು ಆಗಲೇ ಹೋಗಲಿ. ಬೇರೆ ಕಾಲದಲ್ಲಿ ಬರುವವರಿಗೆ ಪಲಾಸಿಯೊ ದೆ ವಿಯಾನಾ ಇದೆ. ಆ ಒಂದೇ ಅರಮನೆಯೊಳಗೆ ಹನ್ನೆರಡು ಅಂಗಳಗಳಿವೆ, ಅದು ಮೆಸ್ಕಿಟಾದಿಂದ ದೂರವಿರುವ ಕಾರಣ ಅಷ್ಟೊಂದು ಜನಸಂದಣಿಯೂ ಇರುವುದಿಲ್ಲ.

ಮಧ್ಯಾಹ್ನ ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳು ಮುಚ್ಚುತ್ತವೆ. ಊಟದ ಹೊತ್ತು ಎರಡಕ್ಕೆ ಶುರುವಾಗಿ ನಾಲ್ಕರವರೆಗೂ ನಡೆಯುತ್ತದೆ, ರಾತ್ರಿಯ ಊಟ ಒಂಬತ್ತಕ್ಕಿಂತ ಮುಂಚೆ ಅಪರೂಪ. ಮಕ್ಕಳಿರುವವರು ಸಂಜೆಗೆ ಏನಾದರೂ ತಿನಿಸನ್ನು ಕೈಯಲ್ಲಿಟ್ಟುಕೊಂಡಿರಬೇಕು. ಊಟದ ನಂತರ ಊರಿನವರಂತೆ ಕೋಣೆಗೆ ಮರಳಿ ಒರಗುವುದೇ ಸರಿ. ಹಳೆಯ ಪೇಟೆಯೊಳಗೇ ಕೋಣೆ ಹಿಡಿಯಿರಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಸಂಜೆ ಗ್ವಾದಲ್‌ಕಿವಿರ್ ನದಿಯ ರೋಮನ್ ಸೇತುವೆಯನ್ನು ದಾಟಿ ಆಚೆ ದಡದಿಂದ ಹಿಂದಿರುಗಿ ನೋಡಿದರೆ ಇಡೀ ಹಳೆಯ ಊರು ಒಂದೇ ನೋಟಕ್ಕೆ ಸಿಗುತ್ತದೆ.

ಸಸ್ಯಾಹಾರಿಗಳಿಗೆ

ಈ ಪ್ರದೇಶದಲ್ಲಿ ಮಾಂಸವಿಲ್ಲದ ತಿನಿಸುಗಳು ಇವೆ, ಆದರೆ ಎಚ್ಚರವೂ ಬೇಕು. ಟೊಮೆಟೊ, ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆಗಳನ್ನು ನುಣ್ಣಗೆ ಅರೆದು ಮಾಡುವ ಸಾಲ್ಮೊರೆಹೊ ಎಂಬ ತಣ್ಣನೆಯ ಗಟ್ಟಿ ಸೂಪು ಕೊರ್ಡೊಬಾದ ಹೆಮ್ಮೆ. ಅದರ ಮೇಲೆ ಬೇಯಿಸಿದ ಮೊಟ್ಟೆಯ ಚೂರನ್ನೂ ಹಂದಿಮಾಂಸದ ಚೂರನ್ನೂ ಉದುರಿಸುವುದು ರೂಢಿ. ಆದ್ದರಿಂದ ಆರ್ಡರ್ ಮಾಡುವಾಗಲೇ ‘ಸಿನ್ ಹಮೋನ್, ಸಿನ್ ವೇವೊ’ ಎಂದು ಹೇಳಬೇಕು. ಹಮೋನ್ ಎಂಬ ಆ ಹಂದಿಮಾಂಸ ಬೇಡ, ಮೊಟ್ಟೆ ಬೇಡ ಎಂದರ್ಥ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಹಮೋನ್ ಮತ್ತು ಟ್ಯೂನಾ ಮೀನನ್ನು ಮಾಂಸವೆಂದು ಎಣಿಸದ ಅಡುಗೆಯವರಿದ್ದಾರೆ. ಬದನೆಕಾಯಿಯನ್ನು ಕರಿದು ಮೇಲೆ ಕಬ್ಬಿನ ಕಪ್ಪು ಪಾಕ ಸುರಿಯುವ ‘ಬೆರೆನ್ಹೇನಾಸ್ ಕೊನ್ ಮಿಯೆಲ್’ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ. ಪಾಲಕ್ ಮತ್ತು ಕಾಬೂಲಿ ಕಡಲೆಯ ಪಲ್ಯವನ್ನೂ ಕೇಳಿ ನೋಡಿ. ಬೇಳೆಯ ಸಾರಿನಂತೆ ಕಾಣುವ ‘ಲೆಂತೇಹಾಸ್’ನಲ್ಲಿ ಹೆಚ್ಚಾಗಿ ಸಾಸೇಜ್ ಇರುತ್ತದೆ, ಕೇಳದೆ ತಿನ್ನಬೇಡಿ. ಕೊಳಾಯಿ ನೀರು ಕುಡಿಯಲು ಯೋಗ್ಯವಾಗಿದೆ.

ಭಾನುವಾರ ಬೆಳಿಗ್ಗೆ: ಮದೀನತ್ ಅಲ್ ಝಹ್ರಾ

ಕೊರ್ಡೊಬಾದಿಂದ ಪಶ್ಚಿಮಕ್ಕೆ ಸುಮಾರು 8 ಕಿಲೋಮೀಟರ್ ದೂರದ ಬೆಟ್ಟದ ಇಳಿಜಾರಿನಲ್ಲಿ ಮೂರನೆಯ ಅಬ್ದುಲ್ ರಹಮಾನ್ 936ರ ಸುಮಾರಿಗೆ ಕಟ್ಟಿಸಲಾರಂಭಿಸಿದ ರಾಜಧಾನಿಯ ಅವಶೇಷಗಳಿವೆ. ತನ್ನನ್ನು ಖಲೀಫನೆಂದು ಘೋಷಿಸಿಕೊಂಡ ಅರಸನಿಗೆ ಆ ಪದವಿಗೆ ತಕ್ಕ ನಗರ ಬೇಕಾಗಿತ್ತು. ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, ಮುಕ್ಕಾಲು ಕಿಲೋಮೀಟರ್ ಅಗಲದ ಆ ಊರು ಒಂದು ಶತಮಾನವೂ ಬಾಳಲಿಲ್ಲ. 1010ರ ಆಸುಪಾಸಿನ ಅಂತರ್ಯುದ್ಧದಲ್ಲಿ ಲೂಟಿಯಾಗಿ, ಬಳಿಕ ಅದರ ಕಲ್ಲುಗಳು ಬೇರೆ ಕಟ್ಟಡಗಳ ಪಾಲಾದವು. 1911ರಲ್ಲಿ ಉತ್ಖನನ ಆರಂಭವಾಯಿತು. ಇದುವರೆಗೆ ಹೊರಬಂದಿರುವುದು ಸಣ್ಣ ಪಾಲು ಮಾತ್ರ. 2018ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹಂಪಿಯ ರಾಜಾಂಗಣದಲ್ಲಿ ಅಡಿಪಾಯಗಳ ನಡುವೆ ಅಡ್ಡಾಡಿ ಅರಮನೆಯನ್ನು ಕಲ್ಪಿಸಿಕೊಳ್ಳಬಲ್ಲವರಿಗೆ ಈ ಜಾಗ ಹಿಡಿಸುತ್ತದೆ, ನಿಂತ ಗೋಡೆಗಳನ್ನೇ ಬಯಸುವವರಿಗೆ ನಿರಾಸೆಯಾಗಬಹುದು.

ನಗರದಿಂದ ಪ್ರವಾಸಿ ಬಸ್ಸು ದಿನಕ್ಕೆ ಕೆಲವೇ ಸಲ ಹೊರಡುವುದರಿಂದ ಅದರ ಆಸನವನ್ನು ಮುಂಚಿತವಾಗಿ ಕಾದಿರಿಸಿ. ಬಸ್ಸು ಮ್ಯೂಸಿಯಂವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಅವಶೇಷಗಳಿಗೆ ಇನ್ನೊಂದು ಕಿರುಬಸ್ಸಿನಲ್ಲಿ ಏರಬೇಕು. 2010ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆದ ಆ ಮ್ಯೂಸಿಯಂ ಬಹುಪಾಲು ನೆಲದೊಳಗೆ ಹುದುಗಿಕೊಂಡಿದೆ. ಮೊದಲು ಅಲ್ಲಿನ ಕಿರುಚಿತ್ರವನ್ನು ನೋಡಿ, ಬಳಿಕ ಮೇಲೆ ಹೋದರೆ ಚದುರಿದ ಕಲ್ಲುಗಳಿಗೆ ಆಕಾರ ಬರುತ್ತದೆ. ಸೋಮವಾರ ಇಲ್ಲಿ ರಜೆ, ಭಾನುವಾರ ಮಧ್ಯಾಹ್ನದ ನಂತರ ಮುಚ್ಚುತ್ತದೆ. ಬೆಳಗಿನ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಊರಿಗೆ ಮರಳಿ ಸಂಜೆಯ ರೈಲು ಹತ್ತಬಹುದು.

ಗ್ರನಾಡಾ: ಟಿಕೆಟ್ ಸಿಕ್ಕ ಮೇಲೆ ಮಾತ್ರ

ಗ್ರನಾಡಾದ ವಿಷಯದಲ್ಲಿ ಕ್ರಮವೇ ತಿರುಗುಮುರುಗು. ಮೊದಲು ಬೆಟ್ಟದ ಮೇಲಿನ ಅರಮನೆ ಕೋಟೆಯಾದ ಅಲ್ಹಂಬ್ರಾದ ಟಿಕೆಟ್, ಆಮೇಲೆ ವಿಮಾನ, ಕೊನೆಗೆ ಕೋಣೆ. ದಿನಕ್ಕೆ ಇಷ್ಟೇ ಜನರೆಂಬ ಮಿತಿಯಿರುವುದರಿಂದ ವಸಂತ ಮತ್ತು ಶರತ್ಕಾಲದ ವಾರಾಂತ್ಯಗಳ ಟಿಕೆಟ್ಟುಗಳು ವಾರಗಟ್ಟಲೆ ಮೊದಲೇ ಮುಗಿದಿರುತ್ತವೆ. ಕೊಳ್ಳುವಾಗ ಪ್ರತಿಯೊಬ್ಬರ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಯನ್ನು ಕೊಡಬೇಕು; ಒಳಗೆ ಬಿಡುವಾಗ ಮೂಲ ದಾಖಲೆಯನ್ನು ನೋಡುತ್ತಾರೆ. ಇಲ್ಲಿ ಆಳಿದ ಮುಸ್ಲಿಂ ರಾಜವಂಶವಾದ ನಾಸ್ರಿದರ ಅರಮನೆಗಳಿಗೆ ಟಿಕೆಟ್ಟಿನ ಮೇಲೆ ನಿಗದಿತ ಗಳಿಗೆ ಮುದ್ರಿತವಾಗಿರುತ್ತದೆ, ಅದು ತಪ್ಪಿದರೆ ಅರಮನೆಗಳೂ ತಪ್ಪಿದಂತೆಯೇ. ಮುಖ್ಯ ಪ್ರವೇಶದಿಂದ ಅಲ್ಲಿಗೆ ಕಾಲು ಗಂಟೆಗೂ ಮಿಕ್ಕಿದ ನಡಿಗೆಯಿದೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ತೋಟಗಳು, ಹೆನೆರಲೀಫೆ ಎಂಬ ಅರಸರ ವಿಹಾರಧಾಮ ಮತ್ತು ಕೋಟೆಗಷ್ಟೇ ಸೀಮಿತವಾದ ಅಗ್ಗದ ಟಿಕೆಟ್ಟೂ ಇದೆ. ಅದರಲ್ಲಿ ಅರಮನೆಗಳು ಸೇರಿಲ್ಲವೆಂಬುದನ್ನು ಗಮನಿಸದೆ ಕೊಂಡವರು ಬಾಗಿಲಲ್ಲಿ ನಿಂತು ಪೇಚಾಡುವುದನ್ನು ಅಲ್ಲಿ ಕಾಣಬಹುದು. ಸಾಮಾನ್ಯ ಟಿಕೆಟ್ ಮುಗಿದಿದ್ದರೆ ನಗರದ ಪ್ರವಾಸಿ ಕಾರ್ಡಿನಲ್ಲಿ ಅಲ್ಹಂಬ್ರಾ ಸೇರಿದೆಯೇ, ರಾತ್ರಿ ವೀಕ್ಷಣೆಯ ಟಿಕೆಟ್ ಉಳಿದಿದೆಯೇ ಎಂದು ನೋಡಿ.

1492ರ ಜನವರಿ 2ರಂದು ಕ್ರೈಸ್ತ ರಾಜದಂಪತಿ ಇಸಬೆಲ್ಲಾ ಮತ್ತು ಫರ್ಡಿನೆಂಡ್‌ಗೆ ಶರಣಾದ ಈ ಅರಮನೆ ಕೋಟೆಯಲ್ಲಿ ಹನ್ನೆರಡು ಸಿಂಹಗಳ ಕಾರಂಜಿ, ಜೇನುಗೂಡಿನಂಥ ಗಾರೆಯ ಚಾವಣಿಗಳು ಎಲ್ಲರ ಕಣ್ಣನ್ನೂ ಸೆಳೆಯುತ್ತವೆ. ಅವುಗಳ ಜೊತೆಗೆ ನೀರಿನ ದಾರಿಯನ್ನೂ ಹಿಂಬಾಲಿಸಿ. ದಾರೊ ನದಿಯ ಮೇಲ್ಭಾಗದಲ್ಲಿ, ಕೆಲವು ಕಿಲೋಮೀಟರ್ ಆಚೆ ನೀರನ್ನು ತಿರುಗಿಸಿ, ಇಳಿಜಾರನ್ನಷ್ಟೇ ನಂಬಿದ ಕಾಲುವೆಯ ಮೂಲಕ ಬೆಟ್ಟದ ಮೇಲಕ್ಕೆ ತಂದಿದ್ದಾರೆ. ಹೆನೆರಲೀಫೆಯ ತೋಟದ ನಡುವೆ ಹರಿಯುವುದೂ ಅದೇ ಕಾಲುವೆ. ನಿಧಾನವಾಗಿ ನೋಡಲು ನಾಲ್ಕು ಗಂಟೆ ಬೇಕು. ಏರುತಗ್ಗು ಬಹಳವಿರುವುದರಿಂದ ಹಿರಿಯರನ್ನು ಕರೆದುಕೊಂಡು ಹೋಗುವವರು ಮೇಲಕ್ಕೆ ನಗರದ ಕಿರುಬಸ್ಸಿನಲ್ಲಿಯೇ ಹೋಗಬೇಕು. ಐದನೆಯ ಚಾರ್ಲ್ಸ್‌ನ ಅರಮನೆಯ ವೃತ್ತಾಕಾರದ ಅಂಗಳಕ್ಕೆ ಟಿಕೆಟ್ ಬೇಕಿಲ್ಲ. ಏನೂ ಸಿಗದವರಿಗೆ ಅದೊಂದು ಸಮಾಧಾನ.

ಎದುರು ಗುಡ್ಡದ ಅಲ್ಬೈಸಿನ್ ಕೇರಿಯ ಸಾನ್ ನಿಕೊಲಾಸ್ ಕಟ್ಟೆಯಿಂದ ಅಲ್ಹಂಬ್ರಾ ಮತ್ತು ಅದರ ಹಿಂದೆ ಸಿಯೆರ್ರಾ ನೆವಾಡಾದ ಹಿಮ ಒಟ್ಟಿಗೆ ಕಾಣುತ್ತವೆ. ಸೂರ್ಯಾಸ್ತದ ಜಂಗುಳಿಯನ್ನು ತಪ್ಪಿಸಿ ಬೆಳಿಗ್ಗೆಯೇ ಹೋಗಿ. ಪಾನೀಯ ತರಿಸಿಕೊಂಡರೆ ಜೊತೆಗೆ ತಾಪಾ ತಿನಿಸನ್ನು ಉಚಿತವಾಗಿ ಕೊಡುವ ರೂಢಿ ಈ ಊರಿನಲ್ಲಿ ಇನ್ನೂ ಉಳಿದಿದೆ. ಸಸ್ಯಾಹಾರಿಗಳೆಂಬುದನ್ನು ಪಾನೀಯ ಹೇಳುವಾಗಲೇ ತಿಳಿಸಬೇಕು.

ಸೋಮವಾರವೂ ರಜೆಯಿದ್ದರೆ

ಆಗ ಬೆಟ್ಟಸೀಮೆಗೆ ಒಂದು ದಿನ ಕೊಡಬಹುದು. ಗ್ರನಾಡಾದಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ ಪಯಣಿಸಿದರೆ ಆಲ್ಪುಹಾರಾದ ಪಂಪನೇರಾ, ಬುಬಿಯೋನ್, ಕಪಿಲೇರಾ ಎಂಬ ಮೂರು ಬಿಳಿಯ ಹಳ್ಳಿಗಳು ಪೊಕೇರಾ ಕಣಿವೆಯ ಅಂಚಿನಲ್ಲಿ ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಬೂದು ಬಣ್ಣದ ಜೇಡಿ ಹರಡಿದ ಮಾಳಿಗೆಗಳು, ಮುಸ್ಲಿಂ ಆಳ್ವಿಕೆಯ ಕಾಲದಿಂದ ಬಂದ ನೀರುಗಾಲುವೆಗಳು ಇಲ್ಲಿ ಇನ್ನೂ ಬಳಕೆಯಲ್ಲಿವೆ. ಮೇಲಿನ ಕಪಿಲೇರಾದಲ್ಲಿ ಇಳಿದು ಕೆಳಮುಖವಾಗಿ ನಡೆದು ಪಂಪನೇರಾದಲ್ಲಿ ಬಸ್ಸು ಹತ್ತುವುದು ಕಾಲಿಗೆ ಹಗುರ.

ಮಲಾಗಾದಿಂದ ಮರಳುವವರಿಗೆ ರೋಂಡಾ ಇನ್ನೊಂದು ಆಯ್ಕೆ. ಆಳವಾದ ಕಮರಿಗೆ ಅಡ್ಡಲಾಗಿ 1793ರಲ್ಲಿ ಪೂರ್ಣಗೊಂಡ, ನೂರು ಮೀಟರಿಗೆ ಸಮೀಪದ ಎತ್ತರದ ಸೇತುವೆಯನ್ನು ಕೆಳಗಿನ ಕಾಲುದಾರಿಯಿಂದಲೇ ನೋಡಬೇಕು, ಮೇಲಿನಿಂದ ಅದರ ಗಾತ್ರ ತಿಳಿಯದು. ಸುತ್ತಲಿನ ಗ್ರಸಲೇಮಾ, ಸಹಾರಾ ದೆ ಲಾ ಸಿಯೆರ್ರಾ, ಬಂಡೆಯ ಸೂರಿನಡಿ ಮನೆಗಳಿರುವ ಸೆತೆನೀಲ್ ಹಳ್ಳಿಗಳಿಗೆ ಬಸ್ಸು ಕಡಿಮೆ, ಕಾರು ಬೇಕಾಗುತ್ತದೆ. ಭಾರತದ ಚಾಲನಾ ಪರವಾನಗಿಯಷ್ಟೇ ಇರುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನ ಆರ್‌ಟಿಒದಲ್ಲಿ ಮೊದಲೇ ಪಡೆದಿರಬೇಕು. ಕಾರನ್ನು ಆ ಒಂದು ದಿನಕ್ಕಷ್ಟೇ ಬಾಡಿಗೆಗೆ ಹಿಡಿಯಿರಿ. ಕೊರ್ಡೊಬಾ ಮತ್ತು ಗ್ರನಾಡಾಗಳ ಹಳೆಯ ಪೇಟೆಗಳಿಗೆ ಅನುಮತಿಯಿಲ್ಲದ ವಾಹನ ನುಗ್ಗಿದರೆ ಕ್ಯಾಮೆರಾ ಹಿಡಿದು ದಂಡದ ಚೀಟಿ ಬಾಡಿಗೆ ಸಂಸ್ಥೆಯ ಮೂಲಕ ಮನೆಗೆ ಬರುತ್ತದೆ. ಒಳಗೆ ಹೋಗಲೇಬೇಕಾದರೆ ಕಾರಿನ ಸಂಖ್ಯೆಯನ್ನು ಹೋಟೆಲಿಗೆ ಮುಂಚಿತವಾಗಿ ತಿಳಿಸಿ, ಅವರು ಅನುಮತಿ ದಾಖಲಿಸಿದ್ದಾರೆಂದು ಖಚಿತವಾದ ಮೇಲೆಯೇ ತಿರುವು ತೆಗೆದುಕೊಳ್ಳಿ.